ಮೇಜಿನ ದೂರವಾಣಿ: ಗುಂಡಿಗಳ ಬಳಕೆ, ಸ್ಪೀಕರಿನ ಎಚ್ಚರ

ಅಡಿಕೆ ವ್ಯಾಪಾರದ ಹಂಗಾಮು ಬಂತೆಂದರೆ ಸಂಘದ ಕಚೇರಿಯ ದೂರವಾಣಿಗೆ ಬಿಡುವಿಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡದ ಬೆಳೆಗಾರರು ಪೇಟೆಗೆ ಬಂದಾಗ ದರ ವಿಚಾರಿಸಿ ಹೋಗುತ್ತಾರೆ. ಜೋಯಿಡಾದ ಕಾಡಿನ ನಡುವೆ ತೋಟವಿರುವವರಿಗೆ ಮೊಬೈಲ್ ಸಿಗ್ನಲ್ ಇಂದಿಗೂ ಎಲ್ಲ ಕಡೆ ಸಿಗದು. ಹೀಗಾಗಿ ಒಬ್ಬರು ಮಾತಾಡುವುದು, ನಾಲ್ಕು ಜನ ಸುತ್ತ ನಿಂತು ಕೇಳುವುದು ನಮ್ಮಲ್ಲಿ ರೂಢಿ. ಇದಕ್ಕೆ ಸ್ಪೀಕರ್ ಬಲು ಅನುಕೂಲ. ಆದರೆ ಅದರ ಬಳಕೆ ತಿಳಿಯದಿದ್ದರೆ ಹೇಳಿದ ದರವೊಂದು, ಕೇಳಿಸಿದ ದರ ಮತ್ತೊಂದು ಆದೀತು.

ಗುಂಡಿಗಳ ಪರಿಚಯ

ನಮ್ಮ ನೆರೆಯ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲಿಗೆ ಆರಂಭವಾಯಿತು. ಬೆರಳಿಟ್ಟು ತಿರುಗಿಸುವ ಚಕ್ರದ ಕಾಲ ಹೋಗಿ ಗುಂಡಿಯ ಕಾಲ ಬಂತು. ಪ್ರತಿ ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಕಳಿಸುತ್ತದೆ; ಅದರಿಂದಲೇ ಆ ಕಡೆಯ ಯಂತ್ರಕ್ಕೆ ಅಂಕಿ ಗೊತ್ತಾಗುತ್ತದೆ. 'ಕನ್ನಡಕ್ಕೆ ಇಂತಹ ಅಂಕಿ ಒತ್ತಿ' ಎಂದಾಗ ಒತ್ತಿದರೂ ಕೆಲಸವಾಗದಿದ್ದರೆ, ಉಪಕರಣದ ಬದಿಯ ಸ್ವಿಚ್ 'ಪಲ್ಸ್' ಕಡೆ ಇದೆಯೇ ನೋಡಿ 'ಟೋನ್' ಕಡೆ ಸರಿಸಿರಿ.

ಮ್ಯೂಟ್ ಒತ್ತಿದರೆ ನಮ್ಮ ಮಾತು ಅವರಿಗೆ ಕೇಳಿಸದು, ಅವರ ಮಾತು ನಮಗೆ ಕೇಳಿಸುತ್ತದೆ. ಹೋಲ್ಡ್ ಒತ್ತಿದರೆ ಎರಡೂ ಕಡೆ ಮಾತು ನಿಲ್ಲುತ್ತದೆ, ಕರೆ ಮಾತ್ರ ಉಳಿಯುತ್ತದೆ. ರೀಡಯಲ್ ಕಡೆಯ ಬಾರಿ ಒತ್ತಿದ ಸಂಖ್ಯೆಗೆ ಮತ್ತೆ ಕರೆ ಮಾಡುತ್ತದೆ. ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿದೆ.

ಸ್ಪೀಕರಿನಲ್ಲಿ ದರ ಕೇಳುವಾಗ

ಸಾಮಾನ್ಯ ಮೇಜಿನ ದೂರವಾಣಿಯ ಸ್ಪೀಕರ್ ಒಂದು ಸಲಕ್ಕೆ ಒಂದೇ ಕಡೆಯ ಮಾತನ್ನು ಬಿಡುತ್ತದೆ. ನಮ್ಮ ಕಡೆ ಯಾರಾದರೂ ನಡುವೆ ಬಾಯಿ ಹಾಕಿದರೆ ಅವರ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತದೆ. ಕನ್ನಡದ ಸಂಖ್ಯೆಗಳಲ್ಲಿ ಇದು ದೊಡ್ಡ ಅಪಾಯ. ಮೂವತ್ತೈದು, ನಲವತ್ತೈದು, ಅರವತ್ತೈದು, ಇವುಗಳ ವ್ಯತ್ಯಾಸವಿರುವುದು ಮೊದಲ ಅಕ್ಷರಗಳಲ್ಲೇ, ಬಾಲವೆಲ್ಲ ಒಂದೇ. ಕ್ವಿಂಟಾಲಿಗೆ ಹತ್ತು ಸಾವಿರ ರೂಪಾಯಿಯ ಅಂತರ ಒಂದು ಅಕ್ಷರದಲ್ಲಿ ಅಡಗಿರುತ್ತದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಸೂಚನೆ ಇಷ್ಟು:

1. ಸ್ಪೀಕರ್ ಹಾಕಿದೊಡನೆ ಆ ಕಡೆಯವರಿಗೆ ಅದನ್ನು ತಿಳಿಸಿ, ಇಲ್ಲಿ ಯಾರ್‍ಯಾರು ಇದ್ದಾರೆಂದು ಹೇಳಿರಿ.

2. ನಮ್ಮ ಕಡೆಯಿಂದ ಒಬ್ಬರೇ ಮಾತಾಡಲಿ. ಫ್ಯಾನ್ ನಿಲ್ಲಿಸಿದರೆ ಇನ್ನೂ ಸ್ಪಷ್ಟ.

3. ದರವನ್ನು ಬಿಡಿ ಅಂಕಿಗಳಲ್ಲಿ ತಿರುಗಿ ಹೇಳಿರಿ: 'ನಾಲ್ಕು, ಐದು, ಮುಂದೆ ಮೂರು ಸೊನ್ನೆ, ಸರಿಯೇ?'

4. ರಾಶಿಯೋ ಚಾಲಿಯೋ ಬೆಟ್ಟೆಯೋ ಕೇಳಿ ಬರೆದುಕೊಳ್ಳಿರಿ. ಅಡಿಕೆಗೆ ಕ್ವಿಂಟಾಲಿನ ಲೆಕ್ಕ, ಕಾಫಿಗೆ 50 ಕೆ.ಜಿ. ಚೀಲದ ಲೆಕ್ಕ ಎಂಬುದು ನೆನಪಿರಲಿ.

ಕೊಳೆರೋಗದ ಔಷಧದ ಪ್ರಮಾಣ ಕೇಳುವಾಗಲೂ ಇದೇ ಕ್ರಮ. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇಲ್ಲಿಯೂ ಅಂಕಿ ತಪ್ಪಿದರೆ ಫಸಲಿಗೇ ಪೆಟ್ಟು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.

ಎಲ್ಲ ಮಾತೂ ಸ್ಪೀಕರಿಗಲ್ಲ

ದರ, ಔಷಧ, ಲಾರಿ ಬರುವ ಹೊತ್ತು, ಇವು ಹತ್ತು ಜನ ಕೇಳಬೇಕಾದ ಮಾತು. ಒಬ್ಬ ಸದಸ್ಯನ ಸಾಲದ ಬಾಕಿ, ಖಾತೆಯ ಹಣ, ಮನೆಯ ಕಷ್ಟ ಹಾಗಲ್ಲ. ಅಂತಹ ಮಾತು ಬಂದೊಡನೆ ರಿಸೀವರ್ ಎತ್ತಿಕೊಳ್ಳಿರಿ. ಸ್ಪೀಕರ್ ತಾನಾಗಿ ನಿಲ್ಲುತ್ತದೆ. ರಿಸೀವರ್ ಎತ್ತುವ ಮೊದಲೇ ಸ್ಪೀಕರ್ ಗುಂಡಿ ಒತ್ತಿದರೆ ಕರೆಯೇ ಕಡಿದುಹೋದೀತು. ಸದಸ್ಯರ ಹಣದಂತೆ ಅವರ ಮಾನವನ್ನೂ ಕಾಯುವುದು ಸಹಕಾರಿ ಕಚೇರಿಯ ಕರ್ತವ್ಯವೆಂದು ನಾವು ತಿಳಿದಿದ್ದೇವೆ.