ಬೋಟಿಗೆ ವೈಡ್ ಬ್ಯಾಂಡ್ ವಿ.ಎಚ್.ಎಫ್. ಆಂಟೆನಾ: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಮಂಗಳೂರು, ಮಲ್ಪೆ, ಕಾರವಾರ ಬಂದರುಗಳಲ್ಲಿ ಬೋಟು ನಿರ್ಮಿಸುವವರಿಗೂ ಬಿಡಿಭಾಗಗಳ ವರ್ತಕರಿಗೂ ವಿ.ಎಚ್.ಎಫ್. ರೇಡಿಯೊ ಚಿರಪರಿಚಿತ. ಆದರೆ ಅಪಾಯದ ವೇಳೆಯಲ್ಲಿ ಬೋಟಿನ ಕರೆ ದಡವನ್ನು ತಲುಪುವುದೋ ಇಲ್ಲವೋ ಎಂಬುದು ಸೆಟ್ಟಿನಷ್ಟೇ ಆಂಟೆನಾವನ್ನೂ ಅವಲಂಬಿಸಿರುತ್ತದೆ.

ಸಾಗರ ವಿ.ಎಚ್.ಎಫ್. ಸಂಪರ್ಕವು ಸುಮಾರು 156ರಿಂದ 162 ಮೆಗಾಹರ್ಟ್ಸ್‌ವರೆಗೆ ಹರಡಿದೆ. ಅಪಾಯದ ಕರೆಗೆ ಮೀಸಲಾದ 16ನೇ ಚಾನೆಲ್ 156.8 ಮೆಗಾಹರ್ಟ್ಸ್‌ನಲ್ಲಿದ್ದರೆ, ಹಡಗುಗಳ ಗುರುತು ಮತ್ತು ಸ್ಥಾನವನ್ನು ತಿಳಿಸುವ ಎ.ಐ.ಎಸ್. ವ್ಯವಸ್ಥೆಯು 161.975 ಮತ್ತು 162.025 ಮೆಗಾಹರ್ಟ್ಸ್‌ಗಳಲ್ಲಿ ಕೆಲಸ ಮಾಡುತ್ತದೆ. ಕೆಳತುದಿಗೆ ಮಾತ್ರ ಹೊಂದಿಸಿದ ಆಂಟೆನಾ ಮೇಲ್ತುದಿಯಲ್ಲಿ ದುರ್ಬಲವಾಗುತ್ತದೆ. ಎರಡೂ ತುದಿಗಳಲ್ಲಿ ಸಮರ್ಥವಾಗಿರುವುದೇ ವೈಡ್ ಬ್ಯಾಂಡ್ ಆಂಟೆನಾದ ವೈಶಿಷ್ಟ್ಯ.

ಇದನ್ನು ಎಸ್.ಡಬ್ಲ್ಯು.ಆರ್. ಎಂಬ ಅಳತೆಯಿಂದ ತಿಳಿಯಬಹುದು. ಈ ಅಳತೆ 1.5 ಇದ್ದಾಗ ಶೇ. 4ರಷ್ಟು, 2 ಇದ್ದಾಗ ಶೇ. 11ರಷ್ಟು, 3 ಇದ್ದಾಗ ಶೇ. 25ರಷ್ಟು ಶಕ್ತಿಯು ಆಂಟೆನಾದಿಂದ ಹಿಂದಿರುಗುತ್ತದೆ. ಆದುದರಿಂದ ಖರೀದಿಸುವಾಗ ಪಟ್ಟಿಯ ನಡುವಿನ ಅಂಕಿಯನ್ನಷ್ಟೇ ನೋಡದೆ ಎರಡೂ ತುದಿಗಳ ಅಂಕಿಯನ್ನು ತಯಾರಕರಿಂದ ಕೇಳಿ ಪಡೆಯುವುದು ಉಚಿತ.

ಡೆಸಿಬಲ್ ಹೆಚ್ಚಿದ್ದಷ್ಟೂ ಉತ್ತಮವೆಂಬ ಭಾವನೆ ಸರಿಯಲ್ಲ. 9 ಡೆಸಿಬಲ್ ಆಂಟೆನಾ ಹೊಸ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಇರುವ ಶಕ್ತಿಯನ್ನೇ ತೆಳುವಾದ ಪಟ್ಟಿಯಂತೆ ದಿಗಂತದತ್ತ ಹರಿಸುತ್ತದೆ. ಬೋಟು ಹೊಯ್ದಾಡಿದಾಗ ಆ ಪಟ್ಟಿಯು ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ತಿರುಗಿ ಮಾತು ತುಂಡಾಗುತ್ತದೆ. ಹೆಚ್ಚು ಓಲಾಡುವ ಸಣ್ಣ ಬೋಟುಗಳಿಗೆ 3 ಡೆಸಿಬಲ್, ಸ್ಥಿರವಾಗಿ ಸಾಗುವ ದೊಡ್ಡ ಬೋಟುಗಳಿಗೆ 6 ಡೆಸಿಬಲ್ ಸೂಕ್ತ.

ಸಂಪರ್ಕದ ದೂರವನ್ನು ಹೆಚ್ಚಿಸುವುದು ಮುಖ್ಯವಾಗಿ ಎತ್ತರ. ಎರಡು ಬೋಟುಗಳ ಆಂಟೆನಾಗಳು ತಲಾ 4 ಮೀಟರ್ ಎತ್ತರದಲ್ಲಿದ್ದರೆ ಸುಮಾರು 16 ಕಿ.ಮೀ., ತಲಾ 9 ಮೀಟರ್ ಇದ್ದರೆ ಸುಮಾರು 25 ಕಿ.ಮೀ. ಸಂಪರ್ಕ ನಿರೀಕ್ಷಿಸಬಹುದು. ಆದರೆ ಎತ್ತರ ಹೆಚ್ಚಿದಂತೆ ಕೇಬಲ್ಲಿನ ಉದ್ದವೂ ಹೆಚ್ಚುತ್ತದೆ. ತೆಳುವಾದ ಆರ್.ಜಿ.-58 ಕೇಬಲ್ 10 ಮೀಟರಿನಲ್ಲಿ ಶಕ್ತಿಯ ಸುಮಾರು ಮೂರನೇ ಒಂದು ಭಾಗವನ್ನು ನುಂಗಿದರೆ, ದಪ್ಪನೆಯ ಆರ್.ಜಿ.-213ರಲ್ಲಿ ನಷ್ಟ ಸುಮಾರು ಐದನೇ ಒಂದು ಭಾಗ ಮಾತ್ರ. ಕನೆಕ್ಟರಿನೊಳಗೆ ಉಪ್ಪುನೀರು ಸೇರದಂತೆ ಭದ್ರಪಡಿಸುವುದೂ ಅವಶ್ಯ.

ಮರದ ಮತ್ತು ಫೈಬರ್ ಬೋಟುಗಳಲ್ಲಿ ಕೆಳಗೆ ಲೋಹದ ಹಾಸು ಬೇಡದ ಅರ್ಧ ತರಂಗದ ಆಂಟೆನಾವನ್ನೇ ಆರಿಸಬೇಕು. ರೇಡಿಯೊ ಮತ್ತು ಎ.ಐ.ಎಸ್.ಗಳಿಗೆ ಒಂದೇ ಆಂಟೆನಾ ಬಳಸುವುದಾದರೆ ಅದಕ್ಕೆಂದೇ ತಯಾರಾದ ಸ್ಪ್ಲಿಟರ್ ಕಡ್ಡಾಯ. ಸಾಮಾನ್ಯ ಟಿ-ಜೋಡಣೆಯಿಂದ ರೇಡಿಯೊದ 25 ವ್ಯಾಟ್ ಶಕ್ತಿ ನೇರವಾಗಿ ಎ.ಐ.ಎಸ್. ಉಪಕರಣಕ್ಕೆ ನುಗ್ಗಿ ಅದನ್ನು ಕೆಡಿಸಬಹುದು.

ಹೆಚ್ಚಿನ ಡೆಸಿಬಲ್‌ಗೆ ವ್ಯಯಿಸುವ ಹಣವನ್ನು ಒಳ್ಳೆಯ ಕೇಬಲ್ಲಿಗೂ ಭದ್ರವಾದ ಜೋಡಣೆಗೂ ವಿನಿಯೋಗಿಸುವಂತೆ ಗ್ರಾಹಕರಿಗೆ ತಿಳಿಹೇಳುವ ವರ್ತಕನು ಅವರ ಹಣವನ್ನಷ್ಟೇ ಅಲ್ಲ, ಜೀವವನ್ನೂ ಕಾಯ್ದಂತಾಗುತ್ತದೆ.