ಹಳೆಯ ರೂಟರಿಗೆ ಮರುಜನ್ಮ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ದೀಪ ಮಿನುಗಿಸುತ್ತ ಕುಳಿತ ವೈಫೈ ರೂಟರ್ ಒಂದು ಪುಟ್ಟ ಕಂಪ್ಯೂಟರೇ ಸರಿ. ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ತಯಾರಕರು ಅದರ ದೋಷ ತಿದ್ದುವುದನ್ನು ನಿಲ್ಲಿಸಿದರೆ, ಯಂತ್ರ ಗಟ್ಟಿಯಿದ್ದರೂ ಮನೆಗೆ ಬೀಗವಿಲ್ಲದಂತೆ.

ಲಿಂಕ್‌ಸಿಸ್ ಕಂಪನಿಯ ‘ಡಬ್ಲ್ಯೂಆರ್‌ಟಿ54ಜಿ’ ರೂಟರಿನಲ್ಲಿ ಲಿನಕ್ಸ್ ಇತ್ತು. ಲಿನಕ್ಸ್ ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲ ಸಂಕೇತ ಹೊರಬಂತು. ಅದನ್ನು ಆಧರಿಸಿ 2004ರಲ್ಲಿ ಹುಟ್ಟಿದ್ದು ‘ಓಪನ್‌ಡಬ್ಲ್ಯೂಆರ್‌ಟಿ’. ಯಾರು ಬೇಕಾದರೂ ಇದನ್ನು ಓದಿ, ತಿದ್ದಿ, ಕಟ್ಟಿಕೊಳ್ಳಬಹುದು.

ವಿದ್ಯಾರ್ಥಿಗಳೇ, ರೂಟರಿನ ಮಾದರಿ ಮತ್ತು ಆವೃತ್ತಿ ಸಂಖ್ಯೆ ಬೆಂಬಲಿತ ಪಟ್ಟಿಯಲ್ಲಿದ್ದರೆ ಮಾತ್ರ ಕೈಹಾಕಿ. ಹೊಸ ತಂತ್ರಾಂಶ ತುಂಬುವಾಗ ಕರೆಂಟ್ ಹೋದರೆ ರೂಟರ್ ಮತ್ತೆ ಏಳದೇ ಹೋದೀತು, ಯುಪಿಎಸ್ ಇರಲಿ. ಬಳಿಕ ವೈಫೈ, ತಂತಿ ಸಂಪರ್ಕ ಎರಡನ್ನೂ ಪರೀಕ್ಷಿಸಿ.

ಪಾಲಕರೇ, ಹಳೆಯ ರೂಟರನ್ನು ಗುಜರಿಗೆ ಹಾಕುವ ಮುನ್ನ ಮಕ್ಕಳ ಕೈಗೆ ಕೊಟ್ಟು ನೋಡಿ.