ಚಪ್ಪಲಿ ಅಥಣಿಯದು, ಹೆಸರು ಕೊಲ್ಹಾಪುರದ್ದು

ಎಮ್ಮೆಯ ತೊಗಲನ್ನು ಚೀಲದ ಹಾಗೆ ಹೊಲಿದು, ಜಾಲಿ ತೊಗಟೆ, ಅಳಲೆಕಾಯಿ, ನೀರು ತುಂಬಿ ತೂಗುಹಾಕುತ್ತಾರೆ. ಒಗರು ನೀರು ತೊಗಲಿನ ಮೈಯಿಂದ ಹನಿಹನಿಯಾಗಿ ಜಿನುಗುತ್ತದೆ. ಕೆಳಗೆ ಹಿಡಿದ ಆ ನೀರು ಮತ್ತೆ ಚೀಲಕ್ಕೇ. ಸೋರುತ್ತ ಸೋರುತ್ತಲೇ ಚರ್ಮ ಹದಕ್ಕೆ ಬರುವುದು. ಈ ತೊಗಲಿನಿಂದ, ಮೊಳೆಯಿಲ್ಲದೆ ಚರ್ಮದ ಎಳೆಯಲ್ಲೇ ಹೊಲಿದ ಚಪ್ಪಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಸಮಗಾರರ ಮನೆಗಳಿಂದ ಕೊಲ್ಹಾಪುರದ ಪೇಟೆಗೆ ಹೋಗುತ್ತಿತ್ತು. ಮಾರಿದ ಊರಿನ ಹೆಸರು ನಿಂತಿತು.

ಕೊಲ್ಹಾಪುರದ ಶಾಹು ಮಹಾರಾಜರು ಈ ಕಸುಬಿಗೆ ಆಸರೆಯಾದದ್ದು ನಿಜ. ರಾಯಬಾಗವಂತೂ ಆಗ ಆ ಸಂಸ್ಥಾನಕ್ಕೇ ಸೇರಿತ್ತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದು, ಕಾಗವಾಡ ದಾಟಿದರೆ ಬೇರೆ ರಾಜ್ಯ ಎಂದಾಯಿತು. ವ್ಯಾಪಾರ ನಿಲ್ಲಲಿಲ್ಲ, ಜಗಳ ಎದ್ದದ್ದು ಹಕ್ಕಿನ ಮಾತು ಬಂದಾಗ.

ಈ ಚಪ್ಪಲಿಗೆ ಪೇಟೆಂಟ್ ಸಿಗುವಂತಿಲ್ಲ. ಪಾರಂಪರಿಕ ಜ್ಞಾನವನ್ನು ನಮ್ಮ ಪೇಟೆಂಟ್ ಕಾಯ್ದೆಯೇ ಹೊರಗಿಟ್ಟಿದೆ. ಉಳಿದ ದಾರಿ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕ, ಎಲ್ಲರ ಬಾಯಲ್ಲಿ ಜಿಐ. ಮಹಾರಾಷ್ಟ್ರ ಅದನ್ನು ತನಗೊಂದಕ್ಕೇ ಪಡೆಯಲು ಹೊರಟಿತ್ತು, ಕರ್ನಾಟಕದ ಚರ್ಮೋದ್ಯಮ ನಿಗಮ ಲಿಡ್ಕರ್‌ನ ಅಧ್ಯಕ್ಷನಾಗಿದ್ದಾಗ ನಮ್ಮ ಕುಶಲಕರ್ಮಿಗಳ ಪಾಲಿಗಾಗಿ ಹೋರಾಡಿದೆ ಎಂದು ಸಚಿವ ಪ್ರಿಯಾಂಕ್ ಖರ್ಗೆ 2025ರಲ್ಲಿ ನೆನಪಿಸಿದರು. ಕಡೆಗೆ 2018ರ ಡಿಸೆಂಬರಿನಲ್ಲಿ ಬಂದದ್ದು ಜಂಟಿ ಜಿಐ: ಅತ್ತ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಇತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ, ನಾಲ್ಕಕ್ಕೆ ನಾಲ್ಕು. ಒಡೆತನ ಮಾತ್ರ ಎರಡು ಸರ್ಕಾರಿ ನಿಗಮಗಳದ್ದು, ಅತ್ತ ಲಿಡ್ಕಾಮ್, ಇತ್ತ ಲಿಡ್ಕರ್. ಹೊಲಿಯುವವರು ಬರೀ ಅಧಿಕೃತ ಬಳಕೆದಾರರು!

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಷೋದಲ್ಲಿ ಇದೇ ಚಪ್ಪಲಿಯನ್ನು ತೊಡಿಸಿ, ಬರೀ 'ಚರ್ಮದ ಚಪ್ಪಲಿ' ಎಂದಿತು. ಕೂಗೆದ್ದ ಮೇಲೆ ಭಾರತದ ಕುಶಲಕಲೆಯ ಪ್ರೇರಣೆಯೆಂದು ಒಪ್ಪಿತು. ವಕೀಲರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈನಲ್ಲಿ ತಳ್ಳಿಹಾಕಿತು. ದೂರಬೇಕಾದವರು ಜಿಐ ಒಡೆಯರೇ ಎಂಬುದು ಅದರ ನಿಲುವು. ಒಡೆಯರು ಮೊಕದ್ದಮೆಯ ಬದಲು ಒಪ್ಪಂದಕ್ಕೆ ಹೋದರು. ಡಿಸೆಂಬರಿನಲ್ಲಿ ಎರಡೂ ನಿಗಮಗಳ ಜತೆ ಸಹಿಯಾಯಿತು: ಕರ್ನಾಟಕ, ಮಹಾರಾಷ್ಟ್ರಗಳಲ್ಲಿ 2,000 ಜೋಡಿ ತಯಾರಿ, ಮಾರುವ ಬೆಲೆ ಜೋಡಿಗೆ ಸುಮಾರು 800 ಯೂರೊ.

ಆ ದರದಲ್ಲಿ ಹೊಲಿದವನ ಪಾಲೆಷ್ಟು ಎಂಬುದನ್ನು ಲಿಡ್ಕರ್ ಅಥಣಿಯಲ್ಲೇ ಬೋರ್ಡ್ ಬರೆಸಿ ಹಾಕಲಿ. ಪೆಟ್ಟಿಗೆಯ ಮೇಲೆ ಊರಿನ ಹೆಸರೂ ಇರಲಿ ಎಂದು ಹಟ ಹಿಡಿಯಲಿ.